‘ಒನ್ ಆಫ್ ದ’ ಮತ್ತು ಒದ್ದೆಯಾದ ಕಾರ್ಟನ್

ಬೈಕಂಪಾಡಿಯ ಒಂದು ಗೇರುಬೀಜ ಫ್ಯಾಕ್ಟರಿಯ ಆಫೀಸಿನಲ್ಲಿ ನನ್ನ ಕೆಲಸ. ಓದಿದ್ದು ಪೂರ್ತಿ ಕನ್ನಡ ಮೀಡಿಯಂ. ಹೊರದೇಶದ ಪಾರ್ಟಿಗಳಿಗೆ ಇಂಗ್ಲಿಷ್ ಮೇಲ್ ಬರೆಯುವುದು ನನ್ನ ತಲೆಗೆ ಬಂದಾಗ ಹಳೇ ಮೇಲ್‌ಗಳನ್ನು ನೋಡಿ ಹೇಗೋ ಸುಧಾರಿಸುತ್ತಿದ್ದೆ.

ಒಂದು ಮಳೆಗಾಲ ಲೋಡ್ ಮಾಡುವಾಗ ಒಂದು ಕಾರ್ಟನ್ ಒದ್ದೆಯಾಯಿತು. ಬದಲಾಯಿಸಿದೆವು. ಪಾರ್ಟಿಗೆ ನಾನು ಬರೆದದ್ದು: ‘ಒನ್ ಆಫ್ ದ ಕಾರ್ಟನ್ ವರ್ ವೆಟ್.’ ಕೂಡಲೇ ಉತ್ತರ ಬಂತು, ಒಂದೋ, ಜಾಸ್ತಿಯೋ ಎಂದು. ಮ್ಯಾನೇಜರ್ ಕರೆದರು. “ಎಂತ ಮಾರಾಯ್ತಿ, ಒದ್ದೆಯಾದದ್ದು ಒಂದಾ, ಸುಮಾರು ಉಂಟಾ?”

“ಒಂದೇ ಸರ್.”

“ಮತ್ತೆ ಹೀಗೆ ಬರೆದದ್ದು ಎಂತಕ್ಕೆ?”

ಆ ಒಂದು ಸಾಲಿನಲ್ಲಿ ಎರಡು ತಪ್ಪಿತ್ತು. ಮನೆಗೆ ಹೋಗುವ ಬಸ್ಸಿನಲ್ಲಿ ಅದನ್ನೇ ಕನ್ನಡದಲ್ಲಿ ಹೇಳಿ ನೋಡಿದೆ: ಕಾರ್ಟನ್‌ಗಳಲ್ಲಿ ಒಂದು ಒದ್ದೆಯಾಗಿತ್ತು. ಮೊದಲು ರಾಶಿ, ಆಮೇಲೆ ಅದರಿಂದ ಎತ್ತಿದ ಒಂದು. ಒದ್ದೆಯಾದದ್ದು ಆ ಒಂದು, ರಾಶಿಯಲ್ಲ. ಇಂಗ್ಲಿಷ್‌ನಲ್ಲೂ ಲೆಕ್ಕ ಇದೇ, ಸಾಲು ಮಾತ್ರ ತಿರುಗುಮುರುಗು. ಅಲ್ಲಿ ‘ಒನ್’ ಮೊದಲೇ ಬಂದು ಕೂತಿರುತ್ತದೆ, ಕ್ರಿಯಾಪದದ ಪಕ್ಕಕ್ಕೆ ರಾಶಿ ಬರುತ್ತದೆ. ಅದನ್ನು ನೋಡಿ ಕೈ ತಾನಾಗಿ ‘ವರ್’ ಬರೆಯುತ್ತದೆ. ಬೇಕಾದದ್ದು ‘ವಾಸ್’.

ಇನ್ನೊಂದು ತಪ್ಪು, ‘ಕಾರ್ಟನ್ಸ್’ ಆಗಬೇಕಿದ್ದಲ್ಲಿ ‘ಎಸ್’ ಬಿಟ್ಟುಹೋದದ್ದು. ಅದಕ್ಕೆ ನಮ್ಮ ಮಾತಿನ ರೂಢಿಯೇ ಕಾರಣ ಇರಬೇಕು. ಇಬ್ಬರು ಹೆಂಗಸರು ಅನ್ನುತ್ತೇವೆ, ಆದರೆ ಹತ್ತು ಕಾರ್ಟನ್, ಐದು ಟಿನ್. ವಸ್ತುವಿಗೆ ಸಂಖ್ಯೆ ಸೇರಿದರೆ ‘ಗಳು’ ಬೇಕೆಂದೇ ಅನಿಸುವುದಿಲ್ಲ, ಅಲ್ವಾ? ಈಗ ‘ಒನ್ ಆಫ್ ದ’ ಬರೆದ ಕೂಡಲೇ ಮನಸ್ಸಿನಲ್ಲಿ ‘ಗಳಲ್ಲಿ’ ಅಂದುಕೊಳ್ಳುತ್ತೇನೆ. ‘ಎಸ್’ ತಾನಾಗಿ ಬರುತ್ತದೆ.

ಕ್ರಿಯಾಪದಕ್ಕೆ ನನ್ನ ಹೆಬ್ಬೆರಳೇ ಸಾಕು. ‘ಆಫ್’ನಿಂದ ರಾಶಿಯ ಹೆಸರಿನವರೆಗೆ ಸ್ಕ್ರೀನ್ ಮೇಲೆ ಬೆರಳಿಟ್ಟು ಮುಚ್ಚಿ ಉಳಿದದ್ದನ್ನು ಓದುತ್ತೇನೆ. ‘ಒನ್ ... ವಾಸ್ ವೆಟ್.’ ಸರಿ.

ಬೆರಳಿಗೆ ಬಗ್ಗದ ಜಾಗವೂ ಇದೆ. ‘ದಿಸ್ ಈಸ್ ಒನ್ ಆಫ್ ದ ಟಿನ್ಸ್ ದಟ್ ಲೀಕ್.’ ಇಲ್ಲಿ ‘ಲೀಕ್ಸ್’ ಯಾಕಲ್ಲ? ಸೋರುವ ಟಿನ್‌ಗಳಲ್ಲಿ ಇದೂ ಒಂದು, ಸೋರುವುದು ಸುಮಾರು ಟಿನ್. ಹಾಗಾಗಿ ‘ಲೀಕ್’. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಇಲ್ಲಿ ‘ಲೀಕ್ಸ್’ ಬರೆಯುವುದುಂಟು, ನಾನಂತೂ ಬಹುವಚನವನ್ನೇ ಬಿಡುವುದಿಲ್ಲ. ಸೋರುವುದು ಇದೊಂದೇ ಆದರೆ ‘ದ ಓನ್ಲಿ ಒನ್ ಆಫ್ ದ ಟಿನ್ಸ್ ದಟ್ ಲೀಕ್ಸ್’.

‘ಒನ್ ಆಫ್ ದ’ ಆದಮೇಲೆ ‘ಎಸ್’ ಬೇಕು, ಆದರೆ ‘ಇನ್‌ಫರ್ಮೇಶನ್’ಗೆ ‘ಎಸ್’ ಹಚ್ಚುವ ಹಾಗಿಲ್ಲ. ಸುಮ್ನೆ ತಲೆಬಿಸಿ ಯಾಕೆಂದು ‘ಒನ್ ಆಫ್ ದ ಡೀಟೇಲ್ಸ್’ ಎಂದು ಬರೆದುಬಿಡುತ್ತೇನೆ.

ಮೊನ್ನೆ ಹೊಸ ಹುಡುಗ ಒಂದು ಮೇಲ್ ತೋರಿಸಿದ: ‘ಒನ್ ಆಫ್ ದ ಕಂಟೇನರ್ಸ್ ಹ್ಯಾವ್ ರೀಚ್ಡ್ ಪಣಂಬೂರು.’ ನಾನು ಮಾತಾಡದೆ ಅವನ ಸ್ಕ್ರೀನ್ ಮೇಲೆ ಹೆಬ್ಬೆರಳು ಇಟ್ಟೆ.

“ಎಂತ ಅಕ್ಕ, ಕೊಳೆ ಉಂಟಾ?” ಎಂದು ಬಟ್ಟೆ ಹುಡುಕಲು ಹೊರಟ.