ಬರ್ಲಿನ್‌ನ ಒಂದು ಕ್ಷೇತ್ರದ ಚುನಾವಣಾ ಇತಿಹಾಸ ಓದುವುದು ಹೇಗೆ?

ಫ್ರೀಡ್ರಿಕ್ಸ್‌ಹೈನ್-ಕ್ರಾಯ್ಜ್‌ಬರ್ಗ್ ಕ್ಷೇತ್ರವನ್ನೇ ತಗೊಳ್ಳಿ, ಜರ್ಮನಿಯ ಸಂಸತ್ ಚುನಾವಣೆಗೆ. ಮೊದಲು ನಕ್ಷೆ ನೋಡಿ. ಕ್ರಾಯ್ಜ್‌ಬರ್ಗ್ ಹಳೇ ಪಶ್ಚಿಮ ಬರ್ಲಿನ್, ಫ್ರೀಡ್ರಿಕ್ಸ್‌ಹೈನ್ ಪೂರ್ವ ಬರ್ಲಿನ್. ಇವೆರಡೂ ಒಂದೇ ಕ್ಷೇತ್ರವಾಗಿ ಮತ ಹಾಕಿದ್ದು 2002ರಿಂದ, ಹಾಗಾಗಿ ಹಿಂದಿನ ಅಂಕಿಗಳ ಜೊತೆ ಸುಮ್ನೆ ಹೋಲಿಸಬೇಡಿ.

ಆಮೇಲೆ ಅಲ್ಲಿ ಪ್ರತಿ ಮತದಾರರಿಗೂ ಇರುವ ಎರಡು ಮತಗಳನ್ನು ಬೇರೆ ಬೇರೆ ಓದಿ. ಮೊದಲನೆಯದು ಅಭ್ಯರ್ಥಿಗೆ, ಎರಡನೆಯದು ಪಕ್ಷಕ್ಕೆ, ಅಂದ್ರೆ ಅದರ ಅಭ್ಯರ್ಥಿಗಳ ಪಟ್ಟಿಗೆ. ಮಜಾ ಇರೋದು ಇಲ್ಲೇ: 2002ರಲ್ಲಿ ಗ್ರೀನ್ ಪಕ್ಷದ ಪಟ್ಟಿಯಲ್ಲಿ ಗೆಲ್ಲುವ ಜಾಗ ಸಿಗದ ಹಾನ್ಸ್-ಕ್ರಿಸ್ಟಿಯಾನ್ ಸ್ಟ್ರೋಬೆಲೆ ಕ್ಷೇತ್ರದಲ್ಲೇ ನೇರವಾಗಿ ಗೆದ್ದುಬಿಟ್ಟರು, ಆ ಪಕ್ಷಕ್ಕೆ ದೇಶದಲ್ಲೇ ಮೊದಲ ನೇರ ಸೀಟು ಅದು. 2013ರವರೆಗೂ ಪ್ರತಿ ಸಲ ಅವರೇ. ಹಾಗಾದ್ರೆ ಜನ ನೋಡಿದ್ದು ವ್ಯಕ್ತಿಯನ್ನೋ ಪಕ್ಷವನ್ನೋ? ಅವರು ನಿಲ್ಲದ 2017 ನೋಡಿ: ಅದೇ ಪಕ್ಷದ ಜಾನಾನ್ ಬೈರಾಮ್ ಸೀಟು ಉಳಿಸಿಕೊಂಡರು, ಕಡಿಮೆ ಅಂತರದಲ್ಲಿ. 2025ರಲ್ಲಿ ಎಡಪಂಥೀಯ ಲಿಂಕೆ ಪಕ್ಷದ ಪಾಸ್ಕಲ್ ಮೈಸರ್ ಗೆದ್ದರು.

2021ರ ಅಂಕಿ ತೆಗೆಯುವಾಗ ಹುಷಾರು, ಬರ್ಲಿನ್‌ನ ಕೆಲವು ಬೂತ್‌ಗಳಲ್ಲಿ 2024ರ ಫೆಬ್ರವರಿಯಲ್ಲಿ ಮರುಮತದಾನ ಆಗಿದೆ.