ಕುದುರಿಗೆ ಫಿಸಿಯೋಥೆರಪಿ ಯಾವಾಗ, ಹೆಂಗ ಮಾಡಬೇಕು

ಲಗ್ನದ ಸೀಸನ್ ಬಂತಂದ್ರ ಹುಬ್ಬಳ್ಳಿ-ಧಾರವಾಡದಾಗ ಮೆರವಣಿಗಿ ಕುದುರಿ ತಾಸುಗಟ್ಲೆ ಡಾಂಬರ್ ಮ್ಯಾಲೆ ನಿಂತಿರ್ತಾವ, ಮರುದಿನ ನೋಡಿದ್ರ ಬೆನ್ನು ಬಿಗದು ತಿರುಗಾಕ ತ್ರಾಸ, ಜೀನು ತಂದ್ರ ಸಾಕು ಕಿವಿ ಹಿಂದ ಮಾಡ್ತಾವ. ಇಂಥ ಬಿಗಿತಕ್ಕ, ಮತ್ತ ಪೆಟ್ಟು ಬಿದ್ದು ಬಾಳ ದಿನ ಕಟ್ಟಿಹಾಕಿದ ಕುದುರಿ ತಿರುಗಿ ಕೆಲಸಕ್ಕ ಬರಾಕ ಫಿಸಿಯೋಥೆರಪಿ ಖರೇನ ಉಪಯೋಗ ಆಗ್ತೈತಿ.

ಆದ್ರ ಕೈ ಹಚ್ಚೋಕಿಂತ ಮೊದಲ ಗಟ್ಟಿ ನೆಲದ ಮ್ಯಾಲೆ ನಾಕ ಹೆಜ್ಜಿ ನಡಸಿ ನೋಡ್ರಿ. ಮುಂಗಾಲು ನೋಯಾಕತ್ತಿದ್ರ ಆ ಕಾಲು ಊರಿದಾಗ ತಲಿ ಮ್ಯಾಲೆತ್ತತೈತಿ. ಗೊರಸು ಬಿಸಿ ಐತಿ, ಮುಂಗಾಲು ಚಾಚಿ ಭಾರ ಹಿಂದ ಹಾಕಿ ನಿಂತೈತಿ ಅಂದ್ರ ಲ್ಯಾಮಿನೈಟಿಸ್ (ಗೊರಸಿನ ಒಳಗಿನ ಬಾವು) ಇರಬಹುದು, ಮುಂದ ನಡಸಬ್ಯಾಡ್ರಿ. ದುಡಿದ ಮ್ಯಾಲೆ ಮೈ ಸೆಟದು, ವಿಪರೀತ ಬೆವತು, ಉಚ್ಚಿ ಡಿಕಾಕ್ಷನ್ ಬಣ್ಣ ಬಂತಂದ್ರ ಸ್ನಾಯುಗಳಿಗೇ ಧಕ್ಕಿ ಆಗಿರ್ತೈತಿ, ಆಗ ಮಸಾಜೂ ಬ್ಯಾಡ ನಡಸೋದೂ ಬ್ಯಾಡ, ನಿಂತಲ್ಲೇ ನಿಲ್ಲಿಸಿ ದನದ ಡಾಕ್ಟ್ರನ್ನ ಕರಸ್ರಿ ಇಲ್ಲಾ ಪಶು ಸಹಾಯವಾಣಿ 1962ಕ್ಕ ಫೋನ್ ಹಚ್ರಿ. ಟೆಂಪರೇಚರ್ 38.5 ಡಿಗ್ರಿ ಸೆಲ್ಸಿಯಸ್ ದಾಟಿದ್ರೂ ಅಷ್ಟ, ಮೊದಲ ಡಾಕ್ಟ್ರು.

ಹೊಸದಾಗಿ ಬಾತ ಕಾಲಿಗೆ ಮೊದಲ ಎರಡು ದಿನ 15-20 ನಿಮಿಷ ತಣ್ಣೀರಿನ ಪೈಪ್ ಹಿಡೀರಿ, ದಿನಕ್ಕ ಎರಡು ಮೂರು ಸಲ. ಬಿಸಿ ಕಾವು, ಎಣ್ಣಿ ತಿಕ್ಕೋದು ಆಗ ಬ್ಯಾಡ, ಬಾವು ಹೆಚ್ಚಾಗ್ತೈತಿ. ಕಾಸಿ ಬರಿ ಹಾಕೋದಂತೂ ಬ್ಯಾಡವೇ ಬ್ಯಾಡ್ರಿ, ಆ ಮೂಕಪ್ರಾಣಿಗೆ ನೋವಿನ ಮ್ಯಾಲೆ ನೋವು.

ಬರೇ ಬಿಗಿತ ಅಂತ ಡಾಕ್ಟ್ರು ಹೇಳಿದ ಮ್ಯಾಲೆ ಮಸಾಜ್ ಶುರು ಮಾಡ್ರಿ. ಅಂಗೈಲೆ ಕಿವಿ ಹಿಂದಿಂದ ಹಿಡದು ಕುತ್ತಿಗಿ, ಹೆಗಲು, ಬೆನ್ನೆಲುಬಿನ ಎರಡೂ ಕಡೆ ಮಾಂಸದ ಮ್ಯಾಲೆ ಸಾವಕಾಶ ಒತ್ತಕೋತ ಹೋಗ್ರಿ, ಎಲುಬಿನ ಮ್ಯಾಲೆ ಒತ್ತಬ್ಯಾಡ್ರಿ. ತಲಿ ಕೆಳಗ ಬಿಟ್ಟು ತುಟಿ ಸಡಲ ಮಾಡಿದ್ರ ಒತ್ತಡ ಸರಿ ಐತಿ, ಬಾಲ ಬೀಸಿದ್ರ ಕೈ ಹಗುರ ಮಾಡ್ರಿ.

ಆಮೇಲೆ ಗಜ್ಜರಿ. ಹತ್ತು ನಿಮಿಷ ನಡಸಿ ಮೈ ಬೆಚ್ಚಗಾದ ಮ್ಯಾಲೆ ಗಜ್ಜರಿ ತೋರಿಸಿ ಮೂತಿ ಎದಿ ಕಡೆ, ಆಮೇಲೆ ಪಕ್ಕಡಿ ಕಡೆ ತರಸ್ರಿ, ಐದು ಸೆಕೆಂಡ್ ಹಿಡಸಿ ಕೊಟ್ಟುಬಿಡ್ರಿ, ಒಂದೊಂದು ಕಡೆ ಮೂರರಿಂದ ಐದು ಸಲ. ಲಗಾಮು ಹಿಡದು ಜಗ್ಗಬ್ಯಾಡ್ರಿ, ತಾನಾಗೇ ತಿರುಗಿದಷ್ಟ ಸಾಕು. ಬೆನ್ನಿನ ಒಳಗಿನ ಸ್ನಾಯು ಗಟ್ಟಿ ಆಗೋದು ಇದರಿಂದನ. ಚಲೋ ಆಗ್ಕೋತ ಬಂದ್ರ ಸಪಾಟ ನೆಲದಾಗ ಸುಮಾರು 80 ಸೆಂಟಿಮೀಟರ್‌ಗೊಂದು ಬೊಂಬು ಇಟ್ಟು ದಾಟಸ್ರಿ.

ಇಷ್ಟು ಮಾಡಿದ್ರೂ ಬಿಗಿತ ತಿರುಗಿ ಬರಾಕತ್ತಿದ್ರ ಜೀನು, ನಾಲು (ಲಾಳ) ನೋಡ್ರಿ. ಕೆಲಸ ಮುಗಿಸಿ ಜೀನು ತಗದಾಗ ಎಲ್ಲಾ ಕಡೆ ಬೆವರಿದ್ದು ಒಂದ ಜಾಗ ಒಣಗಿದ್ರ ಅಲ್ಲಿ ಜೀನು ಒತ್ತಾಕತ್ತಿರಬಹುದು, ಬಿಳಿ ಕೂದಲ ಬಂದಿದ್ರ ಅಲ್ಲಿ ಹಿಂದನ ಒತ್ತಿ ಗಾಯ ಆಗಿತ್ತು ಅಂತ ತಿಳೀರಿ.