ಅನ್ನ ಮನೆಯವರದು, ಪಲ್ಯ ಬಂದವರದು

ಮಣಿಪಾಲದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ನನ್ನ ತಂಗಿಯ ಮಗಳು ಕಳೆದ ತಿಂಗಳು ಎಂಟು ಮಂದಿ ಸ್ನೇಹಿತರನ್ನು ರಾತ್ರಿಯ ಊಟಕ್ಕೆ ಕರೆದಿದ್ದಳು. ಬರುವವರೆಲ್ಲ ಒಂದೊಂದು ಬಗೆಯನ್ನು ತರಬೇಕೆಂಬ, ಈಗಿನವರು ಪಾಟ್‌ಲಕ್ ಎನ್ನುವ ಏರ್ಪಾಡು ಅದು. ಆ ದಿನ ನಾನೂ ಅಲ್ಲಿದ್ದೆ. ಮೂವರು ಹೋಟೆಲಿನಿಂದ ಪನೀರಿನ ಪದಾರ್ಥ ಕಟ್ಟಿಸಿಕೊಂಡು ಬಂದರು, ಇಬ್ಬರು ಕೇಕು ತಂದರು, ಉಳಿದವರ ಕೈಯಲ್ಲಿ ಚಿಪ್ಸಿನ ಪೊಟ್ಟಣಗಳಿದ್ದವು. ಅನ್ನವನ್ನು ಮಾತ್ರ ಯಾರೂ ತಂದಿರಲಿಲ್ಲ, ಮನೆಯವಳೂ ಮಾಡಿರಲಿಲ್ಲ. ರಾತ್ರಿ ಒಂಬತ್ತೂವರೆಗೆ ಅದನ್ನೂ ಫೋನಿನಲ್ಲಿ ಹೇಳಿ ತರಿಸಿದರು. "ದೊಡ್ಡಮ್ಮ, ಎಲ್ಲರೂ ಹೋಟೆಲಿಗೇ ಹೋಗಿದ್ದರೆ ಇದಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತಿತ್ತು" ಎಂದು ಮರುದಿನ ಅವಳೇ ಲೆಕ್ಕ ಹಾಕಿ ಹೇಳಿದಳು. ಅನ್ನ ಬೇಯಿಸಲು ಬಾರದ ಹುಡುಗಿಯಲ್ಲ ಅವಳು. ಕರೆದ ಮನೆಯವರ ಪಾಲು ಯಾವುದು, ಬರುವವರ ಪಾಲು ಯಾವುದು ಎಂಬುದನ್ನು ಮೊದಲೇ ನಿಶ್ಚಯಿಸದೆ ಇದ್ದದ್ದೇ ತಪ್ಪು. ಇದೇ ತಪ್ಪನ್ನು ನಾನು ನಾಲ್ಕಾರು ಮನೆಗಳಲ್ಲಿ ಕಂಡಿರುವುದರಿಂದ ಬರೆಯಲೇಬೇಕೆನಿಸಿತು.

ಅನ್ನ ಮತ್ತು ಒಂದು ಹುಳಿ, ಇವೆರಡು ಕರೆದವರ ಪಾಲು. ಹೊಟ್ಟೆ ತುಂಬಿಸುವುದು ಇವೇ, ದೊಡ್ಡ ಪಾತ್ರೆಯಲ್ಲಿ ಮಾಡಿದಷ್ಟೂ ಅಗ್ಗವಾಗುವುದು ಇವೇ, ಬಸ್ಸಿನಲ್ಲಿ ಸ್ಕೂಟರಿನಲ್ಲಿ ತುಳುಕಿಸಿಕೊಂಡು ತರಲು ಆಗದವೂ ಇವೇ. ಪಲ್ಯ, ಚಟ್ನಿ, ಹಪ್ಪಳ, ಉಪ್ಪಿನಕಾಯಿಗಳಂತಹ ತುಳುಕದ ಬಗೆಗಳು ಬರುವವರ ಪಾಲಿಗಿರಲಿ. ಹುಳಿಗೆ ನಮ್ಮ ಮಂಗಳೂರು ಸೌತೆಗಿಂತ ಒಳ್ಳೆಯ ತರಕಾರಿ ಇಲ್ಲ. ಬಲಿತ ಒಂದು ದೊಡ್ಡ ಸೌತೆ ಹತ್ತು ಮಂದಿಗೆ ಸಾಕಾಗುತ್ತದೆ. ಹಿಂದೆ ಬಾಳೆನಾರಿನಲ್ಲಿ ಕಟ್ಟಿ ಮನೆಯ ಮಾಡಿನ ಅಡಿಯಲ್ಲಿ ತೂಗುಹಾಕಿದ ಸೌತೆಗಳು ಮಳೆಗಾಲ ಮುಗಿಯುವವರೆಗೂ ಕೆಡದೆ ಉಳಿಯುತ್ತಿದ್ದವು. ತೆಂಗಿನಕಾಯಿ ದುಬಾರಿಯಾಗಿರುವಾಗ ಬೋಳು ಹುಳಿಯನ್ನೇ ಮಾಡಿ. ಹಸಿಮೆಣಸು, ಹುಣಸೆ, ಒಂದು ಚೂರು ಬೆಲ್ಲ, ಮೇಲಿನಿಂದ ಧಾರಾಳವಾಗಿ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದರೆ ಕಾಯಿ ಇಲ್ಲವೆಂದು ಯಾರೂ ಕೇಳುವುದಿಲ್ಲ. ತಿರುಳನ್ನು ಎಸೆಯಬೇಡಿ, ಅದರಿಂದ ಚಟ್ನಿಯಾಗುತ್ತದೆ. ಮಟ್ಟು ಗುಳ್ಳದ ಹುಳಿಯ ರುಚಿಯೇ ಬೇರೆ, ನಿಜ. ಆದರೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಆ ಬದನೆಯನ್ನು ಅದರ ಕಾಲದಲ್ಲಿ, ಉಡುಪಿ ಬಳಿಯ ಕಟಪಾಡಿಯ ಕಡೆಯಿಂದ ಬರುವ ಸ್ನೇಹಿತರು ಯಾರಾದರೂ ಇದ್ದರೆ ಮಾತ್ರ ಬಯಸಿ.

ಇನ್ನು ಅನ್ನದ ವಿಷಯ. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು, ಗ್ಯಾಸು ಮುಗಿದುಹೋಗುತ್ತದೆ ಎಂದು ಹೆದರಿ ಇಂದಿನವರು ಬೇಗ ಬೇಯುವ ಬಿಳಿಯ ಬೆಳ್ತಿಗೆ ಅಕ್ಕಿಗೆ ಹೋಗುತ್ತಾರೆ. ಕುದಿ ಬಂದ ಅಕ್ಕಿಗೆ ಮುಂದೆ ಬೇಕಾಗಿರುವುದು ಬೆಂಕಿಯಲ್ಲ, ಬಿಸಿ ಹೊರಗೆ ಹೋಗದಂತೆ ಕಾಯುವ ಹೊದಿಕೆ. ಮಳೆಗಾಲದ ಮೊದಲ ಭತ್ತದ ಬೆಳೆಯಾದ ಏಣಿಲಿನ ನಾಟಿಯ ದಿನಗಳಲ್ಲಿ ನನ್ನ ಅಮ್ಮ ಬೆಳಿಗ್ಗೆ ಅನ್ನದ ಪಾತ್ರೆಯನ್ನು ಕುದಿಸಿ, ಬೈಹುಲ್ಲು ತುಂಬಿದ ಬುಟ್ಟಿಯಲ್ಲಿ ಹೂತಿಟ್ಟು ಗದ್ದೆಗೆ ಇಳಿಯುತ್ತಿದ್ದರು. ಮಧ್ಯಾಹ್ನ ಕೆಸರಿನ ಕಾಲು ತೊಳೆದು ಒಳಗೆ ಬಂದು ಮುಚ್ಚಳ ತೆಗೆದರೆ ಅನ್ನ ಅರಳಿ, ಆವಿ ಏಳುತ್ತಿರುತ್ತಿತ್ತು. ಹುಲ್ಲು ಮತ್ತು ಬೆಂದ ಅನ್ನದ ಆ ಬೆರೆತ ಪರಿಮಳ ನನಗೆ ಇಂದಿಗೂ ಹಸಿವನ್ನು ತರುತ್ತದೆ.

ನೀವು ಮಾಡುವಾಗ ಹೀಗೆ ಮಾಡಿ. ಅಕ್ಕಿಯನ್ನು ನಾಲ್ಕೈದು ನೀರಿನಲ್ಲಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ದಪ್ಪ ತಳದ ಪಾತ್ರೆಯಲ್ಲಿ ಧಾರಾಳವಾಗಿ ನೀರಿಟ್ಟು, ಅದು ಮರಳಿದ ಮೇಲೆಯೇ ಅಕ್ಕಿ ಹಾಕಿ. ಪಾತ್ರೆ ಮುಕ್ಕಾಲಿಗಿಂತ ಹೆಚ್ಚು ತುಂಬಿರಬೇಕು. ಅರ್ಧ ಖಾಲಿ ಇರುವ ಪಾತ್ರೆ ಬಿಸಿಯನ್ನು ಹಿಡಿದಿಡುವುದಿಲ್ಲ, ಈ ಉಪಾಯ ಕೆಟ್ಟುಹೋಗುವುದು ಹೆಚ್ಚಾಗಿ ಇಲ್ಲಿಯೇ. ಮುಚ್ಚಳ ಹಾಕಿ ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಯಲಿ, ಕೆಂಪಗಿನ ಕಜೆ ಅಕ್ಕಿಯಾದರೆ ಅರ್ಧ ಗಂಟೆ. ಅಷ್ಟರಲ್ಲಿ ಪಾತ್ರೆಗಿಂತ ಒಂದು ಗೇಣು ಅಗಲವಾದ ಬುಟ್ಟಿಯನ್ನೋ ರಟ್ಟಿನ ಪೆಟ್ಟಿಗೆಯನ್ನೋ ಸಿದ್ಧಮಾಡಿಕೊಳ್ಳಿ. ತಳದಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಒಣ ಬೈಹುಲ್ಲನ್ನು ಒತ್ತಿ ಹಾಸಿ, ಪೇಟೆಯಲ್ಲಿ ಹುಲ್ಲು ಸಿಗದಿದ್ದರೆ ಮಡಚಿದ ಕಂಬಳಿಯನ್ನು ಹಾಸಿ. ಕುದಿಯುತ್ತಿರುವ ಪಾತ್ರೆಯನ್ನು ಒಲೆಯಿಂದ ನೇರವಾಗಿ ಅದರೊಳಗೆ ಇಡಬೇಕು. ನಡುವೆ ಮುಚ್ಚಳ ತೆಗೆದು ಇಣುಕಬಾರದು, ಸೌಟು ಹಾಕಿ ಕಲಕಬಾರದು, ಕಟ್ಟೆಯ ಮೇಲೆ ಇಟ್ಟು ಮಾತಿಗೆ ನಿಲ್ಲಬಾರದು. ಮುಚ್ಚಳದ ಮೇಲೆ ಒಂದು ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿ, ಸುತ್ತಲಿನ ಎಡೆಗಳಿಗೆ ಹುಲ್ಲನ್ನು ಬೆರಳಿನಿಂದ ತುರುಕಿ, ಎಲ್ಲಕ್ಕಿಂತ ಮೇಲೆ ತಲೆದಿಂಬೊಂದನ್ನು ಇಡಿ. ಬಿಸಿ ಮೇಲಕ್ಕೇ ಹೋಗುವುದರಿಂದ ಮೇಲಿನ ಹೊದಿಕೆಯೇ ಎಲ್ಲಕ್ಕಿಂತ ದಪ್ಪವಾಗಿರಬೇಕು. ಬದಿಗಳನ್ನು ಚೆನ್ನಾಗಿ ಸುತ್ತಿ ಮುಚ್ಚಳವನ್ನು ಬರಿದಾಗಿ ಬಿಡುವವರನ್ನು ಕಂಡು ನನಗೆ ಸಾಕಾಗಿದೆ. ಎರಡು ಗಂಟೆ ಮುಟ್ಟಬೇಡಿ. ಆಮೇಲೆ ಒಂದು ಅಗುಳನ್ನು ಬೆರಳಲ್ಲಿ ಹಿಸುಕಿದಾಗ ನಡುವೆ ಬಿಳಿಯ ಚುಕ್ಕೆ ಉಳಿಯದಿದ್ದರೆ ಬೆಂದಿದೆ ಎಂದರ್ಥ. ಪಾತ್ರೆಯನ್ನು ಮತ್ತೆ ಒಲೆಗಿಟ್ಟು ಒಂದು ಕುದಿ ಬರಿಸಿ, ಗಂಜಿ ಬಾಗಿಸಿ, ಬಡಿಸುವವರೆಗೆ ಅದೇ ಹುಲ್ಲಿನಲ್ಲಿ ಇಡಿ. ಕೈಗೆ ಬರೀ ಬೆಚ್ಚಗೆ ತಾಗುವ ಮಟ್ಟಕ್ಕೆ ಆರಿದ ಅನ್ನವನ್ನು ಹಾಗೆಯೇ ಗಂಟೆಗಟ್ಟಲೆ ಮುಚ್ಚಿಡಬಾರದು. ಈ ಸೆಕೆಯ ಊರಿನಲ್ಲಿ ಅದು ಹಳಸುತ್ತದೆ.

ಬಾಗಿಸಿದ ತಿಳಿಯನ್ನು ಮೋರಿಗೆ ಚೆಲ್ಲಿ, ಹತ್ತಿ ಸೀರೆಗೆ ಗಂಜಿ ಹಾಕಲು ಅಂಗಡಿಯಿಂದ ಪುಡಿ ತರುವ ಹೆಂಗಸರನ್ನು ನಾನು ನೋಡಿದ್ದೇನೆ. ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿ, ಒಗೆದ ಸೀರೆಯನ್ನು ಅದರಲ್ಲಿ ಅದ್ದಿ, ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿದರೆ ಸಾಕು. ಕೆಂಪು ಅಕ್ಕಿಯ ತಿಳಿಯನ್ನು ಮಾತ್ರ ಬಿಳಿ ಸೀರೆಗೆ ಹಾಕಬೇಡಿ, ಬಣ್ಣ ಹಿಡಿಯುತ್ತದೆ.

ಬರುವವರಿಗೆ ಪಾಲು ಹಂಚುವ ಕೆಲಸವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾಡಬೇಡಿ. ಅಲ್ಲಿ ಒಬ್ಬರು ದುಬಾರಿಯದೊಂದು ಹೆಸರು ಹೇಳಿದರೆ ಉಳಿದವರೂ ಸಂಕೋಚದಿಂದ ಅದರ ಹಿಂದೆ ಓಡುತ್ತಾರೆ. ತಿಂಗಳ ಕೊನೆಯಲ್ಲಿ ಕೈ ಬರಿದಾಗಿರುವವರು ಏನಾದರೊಂದು ನೆಪ ಹೇಳಿ ಬರುವುದನ್ನೇ ಬಿಡುತ್ತಾರೆ. ಒಬ್ಬೊಬ್ಬರಿಗೂ ಬೇರೆಯಾಗಿ ಫೋನು ಮಾಡಿ, ಅವರ ಹಿತ್ತಿಲಲ್ಲಿ ಏನಿದೆಯೋ ಅದನ್ನೇ ಕೇಳಿ. ಬಾವಿಕಟ್ಟೆಯ ಬಳಿ ಒಂದೆಲಗ ಇರುವವರು ಅದರ ಚಟ್ನಿ ತರಲಿ, ಬಾಳೆಯ ಗೊನೆ ಕಡಿದವರು ದಿಂಡಿನ ಪಲ್ಯ ತರಲಿ, ಮಳೆಗಾಲದ ಆಟಿ ತಿಂಗಳಾದರೆ ತಗಟೆ ಸೊಪ್ಪು ರಸ್ತೆ ಬದಿಯಲ್ಲೇ ಸಿಗುತ್ತದೆ. ಊರಿನಿಂದ ಹಲಸಿನ ಹಪ್ಪಳ ತಂದಿಟ್ಟುಕೊಂಡವರು ಹತ್ತು ಹಪ್ಪಳ ತಂದು ಇಲ್ಲಿಯೇ ಕಾಯಿಸಲಿ. ಏನೂ ತರಲಾಗದವರನ್ನು ಒಂದು ಗಂಟೆ ಮೊದಲೇ ಕರೆದು ಸೌತೆ ಹೆಚ್ಚಲು ಕೂರಿಸಿ. ಹಾಗೆ ಕರೆಯುವಾಗ "ನೀವು ಬಾರದೆ ನನಗೆ ಕೈ ಸಾಗುವುದಿಲ್ಲ" ಎಂದೇ ಹೇಳಿ. ಅದು ನಿಜವೂ ಹೌದು.

ಮೀನು ತಿನ್ನುವ ಸ್ನೇಹಿತರಿದ್ದರೆ ಬೂತಾಯಿ ಮೀನಿನ ಪುಳಿಮುಂಚಿಯನ್ನು, ಎಂದರೆ ಹುಳಿಖಾರದ ಪದಾರ್ಥವನ್ನು, ಒಬ್ಬರಿಗೆ ವಹಿಸಿ, ಅದು ಗಟ್ಟಿಯಾಗಿರುವುದರಿಂದ ದಾರಿಯಲ್ಲಿ ಚೆಲ್ಲುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಕಾಲದಲ್ಲಿ ಹಸಿಮೀನಿಗೆ ಹಣ ಸುರಿಯಬೇಡಿ. ಒಣ ಸಿಗಡಿಯ ಚಟ್ನಿ ಒಂದು ಹಿಡಿ ಇದ್ದರೆ ಅನ್ನ ತಾನಾಗಿ ಇಳಿಯುತ್ತದೆ. ಮೀನಿನ ಪಾತ್ರೆ ಮತ್ತು ಸೌಟನ್ನು ಬೇರೆ ಮೇಜಿನಲ್ಲಿಡಿ, ತಿನ್ನದವರು ಬಾಯಿಬಿಟ್ಟು ಕೇಳಬೇಕಾಗಿ ಬರಬಾರದು.

ತಟ್ಟೆಗೆ ಬಾಳೆಲೆ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಅವರವರ ಸ್ಟೀಲ್ ತಟ್ಟೆಯನ್ನು ಅವರವರೇ ತರಲಿ. ಕಾಗದದ ತಟ್ಟೆಗೆ ಕೊಡುವ ದುಡ್ಡಿನಲ್ಲಿ ಇನ್ನೊಂದು ಸೌತೆ ಬರುತ್ತದೆ. ಪಾತ್ರೆಯ ತಳಕ್ಕೆ ಬಣ್ಣದ ಚುಕ್ಕೆ ಹಾಕಿ ತರಲು ಹೇಳಿ, ಮರಳಿ ಒಯ್ಯುವಾಗ ಅದಲುಬದಲಾಗುವುದಿಲ್ಲ. ಉಳಿದ ಅನ್ನವನ್ನು ಆರಿದ ಕೂಡಲೇ ನೀರು ಹಾಕಿ ಫ್ರಿಜ್ಜಿನಲ್ಲಿಡಿ. ರಾತ್ರಿ ಅಲ್ಲಿಯೇ ಉಳಿದವರಿದ್ದರೆ ಬೆಳಿಗ್ಗೆ ಮಜ್ಜಿಗೆ, ಉಪ್ಪು, ಒಂದು ಮಾವಿನ ಮಿಡಿಯೊಂದಿಗೆ ಅದನ್ನೇ ಬಡಿಸಿ.